ಬಯಲುಸೀಮೆಯ ಗಡಿಯಾರ

ಓಟಗಾರರಿಗೆಂದು ಬರುವ ಹೊಸ ಕೈಗಡಿಯಾರಗಳಲ್ಲಿ ಗಂಟೆ ಎಷ್ಟೆಂದು ತಿಳಿಯುವುದು ತೀರ ಗೌಣವಾದ ಸಂಗತಿ. ಓಡಿದ ದೂರ, ಏರಿದ ಎತ್ತರ, ಎದೆಬಡಿತ, ಹೆಜ್ಜೆಗಳ ಲಯ, ರಾತ್ರಿಯ ನಿದ್ದೆ, ನಾಳೆ ಓಡಬೇಕೋ ಬೇಡವೋ ಎಂಬ ತೀರ್ಪು, ಇವೆಲ್ಲವೂ ಅದರ ಪುಟ್ಟ ಮುಖದೊಳಗೆ ಸೇರಿಕೊಂಡಿರುತ್ತವೆ. ನಾನು ಈಚೆಗೆ ಕೊಂಡ ಗಡಿಯಾರವೂ ಅಂಥದೇ. ಅದನ್ನು ಕಟ್ಟಿಕೊಂಡು ಒಂದು ಮಳೆಗಾಲವನ್ನೂ ಒಂದು ಕಾಫಿ ಕೊಯ್ಲನ್ನೂ ಕಳೆದ ಮೇಲೆ ನನಗೆ ಅನ್ನಿಸಿರುವುದಿಷ್ಟು: ಯಂತ್ರದಲ್ಲಿ ಹೇಳಿಕೊಳ್ಳುವಂಥ ಕೊರತೆಯಿಲ್ಲ, ಆದರೆ ಅದರ ತಂತ್ರಾಂಶವನ್ನು ಬರೆದವರ ಕಣ್ಣಮುಂದೆ ಇದ್ದ ಓಟಗಾರನು ನೆಲ ಸಮತಟ್ಟಾಗಿರುವ, ಮರ ವಿರಳವಾಗಿರುವ, ಮಳೆ ಬಂದರೂ ಗಂಟೆಯೊಳಗೆ ನಿಂತುಬಿಡುವ ಯಾವುದೋ ಊರಿನವನು. ಕೊಡಗಿನವನಂತೂ ಅಲ್ಲ.

ದೂರದ ಲೆಕ್ಕವನ್ನೇ ನೋಡಿ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ನಾವು ಎಲ್ಲಿದ್ದೇವೆಂದು ಗೊತ್ತುಮಾಡಲು ಗಡಿಯಾರಕ್ಕೆ ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಬೇಕು. ಮೂರು ಸಾಲವು, ಏಕೆಂದರೆ ಸ್ಥಳದ ಜೊತೆಗೆ ತನ್ನ ಸಮಯದ ತಪ್ಪನ್ನೂ ಅದು ಲೆಕ್ಕಹಾಕಿ ತಿದ್ದಿಕೊಳ್ಳಬೇಕಾಗುತ್ತದೆ. ಹೊಸ ಗಡಿಯಾರಗಳು ಅಮೆರಿಕದ ಈ ವ್ಯವಸ್ಥೆಯಲ್ಲದೆ ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೊ, ಚೀನಾದ ಬೈಡೂ ಉಪಗ್ರಹಗಳ ಮಾತನ್ನೂ ಕೇಳಿಸಿಕೊಳ್ಳುತ್ತವೆ. ಬಯಲಿನಲ್ಲಿ ಇದು ಬೇಕಾದುದಕ್ಕಿಂತ ಹೆಚ್ಚೇ ಆಯಿತು. ನಮ್ಮ ತೋಟಗಳಲ್ಲಾದರೋ ಕಾಫಿಯ ಮೇಲೆ ಸಿಲ್ವರ್ ಓಕ್, ಅದರ ನಡುವೆ ಹಲಸು, ಅತ್ತಿ, ನಂದಿ ಮರಗಳು, ಅವನ್ನು ಸುತ್ತಿದ ಮೆಣಸಿನ ಬಳ್ಳಿ, ಎಲ್ಲಕ್ಕೂ ಮೇಲೆ ಒದ್ದೆ ಎಲೆಗಳ ಚಾವಣಿ. ಅಷ್ಟು ದೂರದಿಂದ ಬಂದ ದುರ್ಬಲ ಸಂಕೇತ ಕೊನೆಯ ಐವತ್ತು ಅಡಿಯಲ್ಲಿ ಸೊರಗುತ್ತದೆ, ಇಲ್ಲವೇ ಬಂಡೆಗೋ ದರೆಗೋ ತಗುಲಿ ತಡವಾಗಿ ಬರುತ್ತದೆ. ಎರಡು ಆವರ್ತನಗಳಲ್ಲಿ ಸಂಕೇತ ಹಿಡಿಯುವ ಸೌಲಭ್ಯ ಇಂಥ ಪ್ರತಿಫಲನಗಳ ತೊಂದರೆಯನ್ನು ಬಹುಮಟ್ಟಿಗೆ ತಗ್ಗಿಸುತ್ತದೆ. ಅದಕ್ಕೆ ಬೆಲೆಯಾಗಿ ಬ್ಯಾಟರಿ ಬೇಗ ಬರಿದಾಗುತ್ತದೆ. ನನಗೆ ಈ ವ್ಯಾಪಾರ ಒಪ್ಪಿಗೆ. ಒಪ್ಪಿಗೆಯಾಗದಿರುವುದು ತಂತ್ರಾಂಶದ ಮಿತವ್ಯಯ. ಬ್ಯಾಟರಿ ಉಳಿಸುವ ಕ್ರಮದಲ್ಲಿ ಅದು ಕೆಲವು ಕ್ಷಣಗಳಿಗೊಮ್ಮೆ ಮಾತ್ರ ಒಂದು ಬಿಂದುವನ್ನು ಗುರುತಿಸಿ, ಬಿಂದುಗಳ ನಡುವೆ ನೇರ ಗೆರೆ ಎಳೆಯುತ್ತದೆ. ನೇರ ರಸ್ತೆಯಲ್ಲಿ ಇದರಿಂದ ನಷ್ಟವಿಲ್ಲ. ಇಲ್ಲಿಯ ತಿರುವುಗಳಲ್ಲಿ ಆ ಗೆರೆ ರಸ್ತೆಯನ್ನು ಬಿಟ್ಟು ಒಳಗಿನಿಂದಲೇ ಹಾಯುತ್ತದೆ. ನಾನು ಓಡಿದ ದೂರ ಕಡಿಮೆಯಾಗುವುದಲ್ಲದೆ, ನಕ್ಷೆಯ ಪ್ರಕಾರ ಪಕ್ಕದ ತೋಟದವರ ಬೇಲಿ ಹಾರಿ ಅವರ ಗಿಡಗಳ ಮೇಲೆಯೇ ಹೋಗಿರುತ್ತೇನೆ.

ಎತ್ತರದ ಲೆಕ್ಕ ಇನ್ನೂ ಸ್ವಾರಸ್ಯಕರವಾದುದು. ಗಡಿಯಾರದ ಪಕ್ಕೆಯಲ್ಲಿರುವ ಸಣ್ಣ ರಂಧ್ರದೊಳಗೆ ಗಾಳಿಯ ಒತ್ತಡವನ್ನು ಅಳೆಯುವ ಸಂವೇದಕವಿದೆ. ಮೇಲೇರಿದಂತೆ ಒತ್ತಡ ಇಳಿಯುತ್ತದೆ. ನಮ್ಮ ಎತ್ತರದಲ್ಲಿ ಒಂದು ಹೆಕ್ಟೊಪ್ಯಾಸ್ಕಲ್ ಇಳಿದರೆ ಸರಿಸುಮಾರು ಒಂಬತ್ತು ಮೀಟರ್ ಏರಿದಂತೆ. ಉಪಗ್ರಹದ ನೆರವಿನಿಂದ ಅಳೆದ ಎತ್ತರಕ್ಕಿಂತ ಈ ವಿಧಾನ ಎಷ್ಟೋ ಸೂಕ್ಷ್ಮ. ಮನೆಯ ಮಹಡಿ ಹತ್ತಿದರೂ ಅದಕ್ಕೆ ತಿಳಿಯುತ್ತದೆ. ಆದರೆ ಒತ್ತಡವು ಮಳೆಮೋಡಗಳ ವಾಯುಭಾರ ಕುಸಿತದಿಂದಲೂ ಇಳಿಯುತ್ತದೆಯಷ್ಟೆ. ಎರಡರಲ್ಲಿ ಯಾವುದು ಕಾರಣವೆಂದು ನಿರ್ಧರಿಸುವುದು ತಂತ್ರಾಂಶದ ಕೆಲಸ, ಮಳೆ ಜೋರಾಗಿರುವ ಕಕ್ಕಡ ತಿಂಗಳಲ್ಲಿ ಅದು ಈ ಕೆಲಸವನ್ನು ಕೈಬಿಡುತ್ತದೆ. ರಾತ್ರಿ ಊಟ ಮಾಡಿ ಮಲಗಿದ ಮನೆ ಬೆಳಗಾಗುವಷ್ಟರಲ್ಲಿ ಮೂವತ್ತು ಮೀಟರ್ ಮೇಲೇರಿರುತ್ತದೆ. ಮಧ್ಯಾಹ್ನ ತುಸು ಹೊಳವಾದರೆ ಮೆಲ್ಲಗೆ ಕೆಳಗಿಳಿಯುತ್ತದೆ. ಇದರ ಮೇಲೆ ಬೆವರು, ಕೆಸರು, ಮಳೆನೀರು ಸೇರಿ ರಂಧ್ರ ಮುಚ್ಚಿಕೊಂಡಿತೆಂದರೆ ಏರು ಯಾವುದು, ಇಳಿಜಾರು ಯಾವುದು ಎಂಬುದೇ ಅದಕ್ಕೆ ಮರೆತುಹೋಗುತ್ತದೆ. ಎತ್ತರ ನಿಶ್ಚಿತವಾಗಿ ಗೊತ್ತಿರುವ ಸ್ಥಳದಲ್ಲಿ ನಿಂತು ಅಂಕಿಯನ್ನು ನಾವೇ ತಿದ್ದಿಕೊಡಬಹುದು. ತಡಿಯಂಡಮೋಳಿನ ನೆತ್ತಿಯಲ್ಲಿ ನಿಂತು 1,748 ಮೀಟರ್ ಎಂದು ಒತ್ತುವುದರಲ್ಲಿ ಒಂದು ಸುಖವೂ ಇದೆ. ಆದರೆ ಗಡಿಯಾರವನ್ನು ಸರಿಪಡಿಸಲು ಪ್ರತಿ ಸಲ ಕೊಡಗಿನ ಅತಿ ಎತ್ತರದ ಶಿಖರ ಹತ್ತಬೇಕೆಂದರೆ ಯಾರಿಗೆ ಆಗುತ್ತದೆ?

ಎದೆಬಡಿತದ ವಿಚಾರವನ್ನು ಬೇಗ ಮುಗಿಸುತ್ತೇನೆ. ಹಸಿರು ಬೆಳಕನ್ನು ಚರ್ಮಕ್ಕೆ ಬಿಟ್ಟು, ರಕ್ತ ಅದನ್ನೆಷ್ಟು ಹೀರಿತೆಂದು ನೋಡುವ ವಿಧಾನ ಅದು. ಚಳಿಯಲ್ಲಿ ಕೈಗೆ ಹರಿಯುವ ರಕ್ತ ಕುಗ್ಗಿದಾಗ ಅದು ನಾಡಿಯನ್ನು ಬಿಟ್ಟು ಹೆಜ್ಜೆಗಳ ಲಯವನ್ನೇ ಎಣಿಸತೊಡಗುವುದುಂಟು. ಡಿಸೆಂಬರಿನ ಮಂಜಿನಲ್ಲಿ, ಇನ್ನೂ ಮೈ ಬಿಸಿಯೇರುವ ಮೊದಲೇ, ಎದೆಬಡಿತ 170 ಎಂದು ತೋರಿದರೆ ವೈದ್ಯರ ಬಳಿಗೆ ಓಡಬೇಕಾಗಿಲ್ಲ, ಪಟ್ಟಿಯನ್ನು ಬಿಗಿಮಾಡಿದರೆ ಸಾಕು.

ಅಳತೆಗಳಲ್ಲಿ ತಪ್ಪಾದರೆ ಕ್ಷಮಿಸಬಹುದು. ಅಳತೆಯಿಂದ ಹೊರಡುವ ಬುದ್ಧಿವಾದವನ್ನು ಕ್ಷಮಿಸುವುದು ಕಷ್ಟ. 220ರಲ್ಲಿ ವಯಸ್ಸನ್ನು ಕಳೆದರೆ ಗರಿಷ್ಠ ಎದೆಬಡಿತ ಸಿಗುತ್ತದೆಂಬ ಹಳೆಯ ಸೂತ್ರ ಜನಸಮೂಹದ ಸರಾಸರಿಗೆ ಹೊಂದಬಹುದೇ ಹೊರತು ಒಬ್ಬ ವ್ಯಕ್ತಿಗೆ ಹೊಂದಬೇಕೆಂದಿಲ್ಲ. ನನ್ನ ಗಡಿಯಾರ ಅದನ್ನೇ ಆಧಾರವಾಗಿಟ್ಟುಕೊಂಡು, ವೇಗ ಮತ್ತು ಬಡಿತಗಳ ಹೋಲಿಕೆಯಿಂದ ನನ್ನ ದೇಹ ಗರಿಷ್ಠ ಎಷ್ಟು ಆಮ್ಲಜನಕ ಬಳಸಬಲ್ಲುದೆಂದು ಅಂದಾಜು ಮಾಡುತ್ತದೆ. ತೋಟದ ತಗ್ಗಿನ ಕೊಲ್ಲಿಯಿಂದ ಮೇಲೆ ಕಾಫಿ ಒಣಗಿಸುವ ಕಣದವರೆಗೆ ಏರುವಾಗ ವೇಗ ಬೀಳುತ್ತದೆ, ಬಡಿತ ಏರುತ್ತದೆ. ಇದನ್ನು ಕಂಡ ತಂತ್ರಾಂಶ, ಏರಿನ ಸಂಗತಿಯನ್ನು ಪಕ್ಕಕ್ಕಿಟ್ಟು, ನನ್ನ ಶಕ್ತಿ ಕುಂದಿದೆಯೆಂದೂ ಮೂರು ದಿನ ವಿಶ್ರಾಂತಿ ಬೇಕೆಂದೂ ಘೋಷಿಸುತ್ತದೆ. ಕೊಯ್ಲಿನ ನಡುವೆ ಬಂದ ಈ ಆಜ್ಞೆಯನ್ನು ತೋಟದ ಲೆಕ್ಕಪತ್ರ ನೋಡಿಕೊಳ್ಳುವ ರೈಟರಿಗೆ ತೋರಿಸಿದೆ. "ಸಾರ್, ಇಂಥದ್ದೊಂದು ನಮ್ಮ ಆಳುಗಳಿಗೂ ಕೊಡ್ಸಿಬಿಟ್ರೆ ಕಾಫಿ ಗಿಡದಲ್ಲೇ ಒಣಗ್ತದೆ" ಎಂದರು. ಅವರ ಮಾತಿನಲ್ಲಿ ಹುರುಳಿದೆ. ಹಿಮದ ಮೇಲೆ ಜಾರುವ ಆಟಗಳಿಗೆ ಬಗೆಬಗೆಯ ಹೆಸರುಗಳಿರುವ ಅದರ ಪಟ್ಟಿಯಲ್ಲಿ ಕೊಯ್ಲಿಲ್ಲ, ನೆರಳುಮರಗಳ ಕೊಂಬೆ ಸವರುವ ಮರಕಪಾತಿಲ್ಲ. ಮೂಟೆ ಹೊತ್ತು ಇಳಿಜಾರು ಹತ್ತಿದವರ ಕೈಗೆ ಕಟ್ಟಿದರೆ ಹೆಜ್ಜೆಗಳ ಎಣಿಕೆ ಸಿಗುತ್ತದೆ, ಹೆಗಲ ಮೇಲಿನ ಭಾರ ಸಿಗುವುದಿಲ್ಲ.

ಮಳೆಯಲ್ಲಿ ಸ್ಪರ್ಶಪರದೆಯ ಮೇಲೆ ಹನಿಗಳು ಬಿದ್ದು ತಾವೇ ಪುಟ ತಿರುವುತ್ತವೆ, ಗುಂಡಿಗಳಿರುವುದರಿಂದ ಬದುಕಿದೆ. ನಿಜವಾಗಿ ತೊಂದರೆ ಕೊಟ್ಟಿರುವುದು ಅಕ್ಷರಗಳು. ಫೋನಿಗೆ ಬಂದ ಸಂದೇಶವನ್ನು ಮಣಿಕಟ್ಟಿನ ಮೇಲೆ ತೋರಿಸುತ್ತೇನೆಂದು ಹೇಳುವ ಈ ಗಡಿಯಾರದಲ್ಲಿ ಕನ್ನಡದ ಅಕ್ಷರಗಳೇ ಇಲ್ಲ. ಬಂದ ಅಕ್ಷರಕ್ಕೊಂದು ಖಾಲಿ ಚೌಕ. ಬೆಂಗಳೂರಿನ ಉದ್ಯಾನದಲ್ಲಿ ಓಡುವವರಿಗೆ ಇದು ಬೇಸರದ ಮಾತಷ್ಟೇ ಆಗಿರಬಹುದು. ಇಲ್ಲಿ ಬೆಳಗಿನ ಹೊತ್ತು ತೋಟದವರ ವಾಟ್ಸಾಪ್ ಗುಂಪಿನಲ್ಲಿ ಬರುವ ಸಂದೇಶವೆಂದರೆ ಬಹುಪಾಲು ಆನೆಯ ಸುದ್ದಿ: ಎಷ್ಟಿವೆ, ಮರಿಯಿದೆಯೇ, ಯಾವ ಕಡೆಯಿಂದ ಯಾವ ಕಡೆಗೆ ಹೋಗುತ್ತಿವೆ. ಗಡಿಯಾರ ಕೈಯನ್ನು ನಡುಗಿಸಿ ಎರಡು ಸಾಲು ಚೌಕಗಳನ್ನು ತೋರಿಸಿದಾಗ, ನಿಲ್ಲಬೇಕೋ, ಬಂದ ದಾರಿಯಲ್ಲಿ ಹಿಂದಿರುಗಬೇಕೋ ತಿಳಿಯುವುದು ಹೇಗೆ? ಫೋನು ಪ್ಲಾಸ್ಟಿಕ್ ಚೀಲದೊಳಗೆ, ಚೀಲ ರೇನ್‌ಕೋಟಿನೊಳಗೆ. ತಯಾರಕರಿಗೆ ಬರೆದಾಗ, ನಿಮ್ಮ ಸಲಹೆಯನ್ನು ಮುಂದಿನ ಪರಿಷ್ಕರಣೆಗೆ ಪರಿಗಣಿಸಲಾಗುವುದೆಂದು ವಿನಯದ ಉತ್ತರ ಬಂತು. ಅಲ್ಲಿಯವರೆಗೆ ಕಾಯುವುದು ಬೇಡವೆಂದು ರೈಟರ್ ನನಗೆ ಬೇರೆಯಾಗಿ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದು ಕಳಿಸತೊಡಗಿದರು. ಉದ್ದ ಸಂದೇಶಗಳ ಬಾಲವನ್ನು ಗಡಿಯಾರ ಕತ್ತರಿಸಿಬಿಡುತ್ತದೆಂದು ತಿಳಿದ ಮೇಲೆ, ಅವರು ಮೊದಲು ಜಾಗ, ಆಮೇಲೆ ಆನೆ, ಎಲ್ಲದರ ಕೊನೆಗೆ ನಮಸ್ಕಾರ ಎಂಬ ಕ್ರಮದಲ್ಲಿ ಬರೆಯುತ್ತಿದ್ದಾರೆ.