ಐ ಸೆವೆನ್ ಐತಾ?

ಸಿಇಟಿ ಸೀಟು ಹಂಚಿಕೆ ಮುಗಿಯುತ್ತಿದ್ದಂತೆ ತುಮಕೂರಿನ ಬಿ.ಎಚ್. ರಸ್ತೆಯ ಕಂಪ್ಯೂಟರ್ ಅಂಗಡಿಗಳಲ್ಲಿ ನಿಲ್ಲಲು ಜಾಗವಿರುವುದಿಲ್ಲ. ಮಗನಿಗೆ ಇಂಜಿನಿಯರಿಂಗ್ ಸೀಟು ಆಯಿತು, ಇನ್ನು ಲ್ಯಾಪ್‌ಟಾಪ್ ಆಗಬೇಕು. ತಿಪಟೂರು ಕಡೆಯ ಗೌಡರು ಒಳಗೆ ಬಂದವರೇ ಕೇಳುವುದು ಒಂದೇ ಮಾತು: 'ಐ ಸೆವೆನ್ ಐತಾ?' ಲ್ಯಾಪ್‌ಟಾಪಿನ ಮೆದುಳಾದ ಪ್ರೊಸೆಸರ್ ಚಿಪ್ಪಿಗೆ ಇಂಟೆಲ್ ಕಂಪನಿ ಇಟ್ಟ ಹೆಸರದು. ಯಾವ ಪೀಳಿಗೆಯದು, ಎಷ್ಟು ಕೋರ್ (ಚಿಪ್ಪಿನೊಳಗೆ ಲೆಕ್ಕ ಮಾಡುವ ಘಟಕ), ರ‍್ಯಾಮ್ ಎಷ್ಟು, ಉಹೂಂ, ಅದೆಲ್ಲ ಬೇಡ. ಇದೇ ಗೌಡರು ಕೊಬ್ಬರಿ ಗಿಟುಕು ಕೈಗೆತ್ತಿಕೊಂಡರೆ ಬಣ್ಣ ನೋಡುತ್ತಾರೆ, ಒಡೆದು ಒಳಗು ನೋಡುತ್ತಾರೆ. ಚೀಲದ ಮೇಲೆ ಏನು ಬರೆದಿದೆ ಎಂದು ಮಾತ್ರ ಅಪ್ಪಿತಪ್ಪಿಯೂ ನೋಡುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಮಾತ್ರ ಚೀಲ ಓದಿ ದುಡ್ಡು ಎಣಿಸುತ್ತಾರೆ.

ಪಾಪ, ಅವರದೇನು ತಪ್ಪು? ಚೀಲ ಓದುವುದನ್ನು ಕಲಿಸಲು ದೊಡ್ಡ ದೊಡ್ಡವರು ಮೂವತ್ತು ವರ್ಷದಿಂದ ದುಡಿದಿದ್ದಾರೆ. 386 ಎಂಬ ಚಿಪ್ಪಿನ ಹೆಸರು ತನ್ನದೇ ಎಂದು ಇಂಟೆಲ್ ಪಟ್ಟು ಹಿಡಿದಿತ್ತು. 1991ರಲ್ಲಿ ಅಮೆರಿಕದ ನ್ಯಾಯಾಲಯ ಆ ಪಟ್ಟು ಸಡಿಲಿಸಿತು, ಎದುರಾಳಿ ಚಿಪ್ ಕಂಪನಿ ಎಎಂಡಿಯೂ 386 ಎಂದೇ ಮಾರಿಕೊಂಡಿತು. ಅಂಕಿಯನ್ನು ನಂಬಿ ಕೆಟ್ಟೆ ಎಂದುಕೊಂಡ ಇಂಟೆಲ್, ಹೆಸರು ಹೊಸೆಯುವುದೇ ಕಸುಬಾಗಿದ್ದ ಕಂಪನಿಯೊಂದನ್ನು ಗೊತ್ತುಮಾಡಿಕೊಂಡು 1993ರಲ್ಲಿ ಪೆಂಟಿಯಂ ತಂದಿತು. ಚಿಪ್ಪಿಗೆ ಆದ ಮೊದಲ ಅದ್ದೂರಿ ನಾಮಕರಣ ಅದು. ಅಂಕಿಯ ಸಹವಾಸ ಅಷ್ಟಕ್ಕೇ ಬಿಟ್ಟಿತೇ? 2008ರಲ್ಲಿ ಐ7 ಬಂತು, ಹಿಂದೆಯೇ ಐ5, ಐ3. ನ್ಯಾಯಾಲಯದ ಬಾಗಿಲಲ್ಲಿ ಹೊರದಬ್ಬಿಸಿಕೊಂಡ ಅಂಕಿ, ಮುಂದೊಂದು 'ಐ' ಹಚ್ಚಿಕೊಂಡು ಹಿತ್ತಿಲಿನಿಂದ ಒಳಗೆ ಬಂತು.

ಬಂದದ್ದೇ ತಡ, ದೇಶಕ್ಕೆ ದೇಶವೇ ಏಳಕ್ಕೆ ಅಡ್ಡಬಿದ್ದಿತು. 2016ರ ಐ7-7500ಯು ಲ್ಯಾಪ್‌ಟಾಪಿನ ಚಿಪ್ಪು, ಅದರಲ್ಲಿ ಇದ್ದದ್ದು ಎರಡೇ ಕೋರ್. ಅದೇ ಏಳನೇ ಪೀಳಿಗೆಯ ಡೆಸ್ಕ್‌ಟಾಪಿನ ಐ5-7400ಕ್ಕೆ ನಾಲ್ಕು. ಅಂದರೆ ಐದನ್ನು ಕೊಂಡವನ ಮನೆಯಲ್ಲಿ ನಾಲ್ಕು ಆಳು ದುಡಿಯುತ್ತಿದ್ದರೆ, ಏಳನ್ನು ಕೊಂಡವನು ಎರಡಾಳಿನಲ್ಲಿ ಏಳರ ಗತ್ತು ತೋರಿಸುತ್ತಿದ್ದ. ಕೊನೆಯಲ್ಲಿರುವ, ಕಡಿಮೆ ವಿದ್ಯುತ್ ಬಳಸುವ ಚಿಪ್ಪು ಎಂದು ಸೂಚಿಸುವ 'ಯು' ಎಂಬ ಅಕ್ಷರವೇ ಆ ಗುಟ್ಟು ಹೇಳುತ್ತದೆ. ಸ್ಟಿಕ್ಕರ್ ಮೇಲೆ ಮಾತ್ರ ಏಳು ಕಾಣುತ್ತದೆ, 'ಯು' ಕಾಣುವುದಿಲ್ಲ.

ಎಎಂಡಿ ಏನು ಸಾಮಾನ್ಯವೇ? ಚಿಪ್ಪಿನ ವೇಗದ ಅಳತೆಯಾದ ಗಿಗಾಹರ್ಟ್ಸ್ ಲೆಕ್ಕದಲ್ಲೇ ಜನ ಕೊಳ್ಳುತ್ತಿದ್ದ 2001ರಲ್ಲಿ 1.53 ಗಿಗಾಹರ್ಟ್ಸಿನ ಚಿಪ್ಪಿಗೆ ಅಥ್ಲಾನ್ ಎಕ್ಸ್‌ಪಿ 1800+ ಎಂದು ಹೆಸರಿಟ್ಟಿತು, ನೋಡಿದವರಿಗೆ 1.8 ಗಿಗಾಹರ್ಟ್ಸ್ ಎಂದು ಕಾಣುವಂತೆ. ಚಿಪ್ಪು ಕೆಟ್ಟದ್ದೇನಲ್ಲ, ಹೇಳಿಕೊಂಡಷ್ಟು ಕೆಲಸ ಮಾಡುತ್ತಿತ್ತು, ಅದು ಬೇರೆ ಮಾತು. 2017ರಲ್ಲಿ ರೈಝೆನ್ ಬಂದಾಗ 3, 5, 7 ಎಂದು ಎದುರುಮನೆಯ ಅಂಕಿಗಳನ್ನೇ ಎತ್ತಿಕೊಂಡಿತು. ಪ್ರೊಸೆಸರ್ ಕೂರುವ ಮದರ್‌ಬೋರ್ಡಿನ ಸಹಾಯಕ ಚಿಪ್ಪು, ಅಂದರೆ ಚಿಪ್‌ಸೆಟ್ಟಿನಲ್ಲಂತೂ ಜಿದ್ದು ನೋಡಬೇಕು. ಇಂಟೆಲ್ ಬಿ250 ಎಂದರೆ ಇವರು ಬಿ350. ಅವರು ಬಿ360 ಎಂದರೆ ಇವರು ಬಿ450. ಅವರು ಬಿ460 ಎನ್ನುವಷ್ಟರಲ್ಲಿ ಇವರು ಬಿ550. ಕೊಳ್ಳುವವನಿಗೆ ದೊಡ್ಡ ಸಂಖ್ಯೆಯೇ ಒಳ್ಳೆಯ ಬೋರ್ಡು, ಇಬ್ಬರಿಗೂ ಇದು ಚೆನ್ನಾಗಿ ಗೊತ್ತು.

ಎಎಂಡಿಯ 2023ರ ಲ್ಯಾಪ್‌ಟಾಪ್ ಚಿಪ್ಪುಗಳಲ್ಲಿ ರೈಝೆನ್ 5 7520ಯು ಒಂದು. ಮೊದಲ 7 ಮಾರಾಟದ ವರ್ಷ. ಒಳಗಿನ ವಿನ್ಯಾಸ ಯಾವ ಕಾಲದ್ದು ಎಂದು ತಿಳಿಯಬೇಕಾದರೆ ಮೂರನೇ ಅಂಕಿ ನೋಡಬೇಕು: 2, ಅಂದರೆ ಝೆನ್ 2, 2019ರ ಮಾಲು. ಇದನ್ನು ವಿವರಿಸುವ ಚಿತ್ರಪಟವನ್ನು ಕಂಪನಿಯೇ ಹೊರಡಿಸಿತ್ತು. ಪಂಚಾಂಗ ನೋಡಲು ಬಂದವರಿಗೆ ಅದೂ ಅರ್ಥವಾಗುತ್ತದೆ. ಇಂಟೆಲ್ ಡಿಸೆಂಬರ್ 2023ರಲ್ಲಿ, ನೋಡಿ ಇವರು ಹಳೇ ಸರಕಿಗೆ ಹೊಸ ಹೆಸರಿಡುತ್ತಿದ್ದಾರೆ ಎಂದು ಊರಿಗೆಲ್ಲ ಡಂಗುರ ಸಾರಿ, ಆಮೇಲೆ ಆ ಪುಟಗಳನ್ನು ಸದ್ದಿಲ್ಲದೆ ಕಿತ್ತುಹಾಕಿತು. ಮರುತಿಂಗಳೇ ಅವರ ಕೋರ್ 7 150ಯು ಬಂತು. ಒಳಗೆ ಹಿಂದಿನ ಪೀಳಿಗೆಯ ರ‍್ಯಾಪ್ಟರ್ ಲೇಕ್ ವಿನ್ಯಾಸ, ಮೇಲೆ ಹೊಸ ಹೆಸರು!

ಈ ನಡುವೆ ಇಂಟೆಲ್‌ನವರು 'ಐ' ಅಕ್ಷರವನ್ನೇ ತೆಗೆದುಬಿಟ್ಟರು. ಈಗ ಕೋರ್ 5, ಕೋರ್ ಅಲ್ಟ್ರಾ 7. ಬಿ.ಎಚ್. ರಸ್ತೆಗೆ ಆ ಸುದ್ದಿ ಮುಟ್ಟಿಲ್ಲ. 'ಐ ಎಲ್ಲಿ ಹೋಯ್ತು, ಡೂಪ್ಲಿಕೇಟಾ?' ಎಂದು ಕೇಳುವವರಿಗೆ ಉತ್ತರ ಹೇಳಿ ಹೇಳಿ ಅಂಗಡಿ ಹುಡುಗರ ಗಂಟಲು ಒಣಗಿದೆ. ಇನ್ನು ಇಂಟೆಲ್‌ನ ಅಗ್ಗದ ಚಿಪ್ಪು ಸೆಲೆರಾನ್ ಎಂದರೆ ಮೂಗು ಮುರಿಯುವವರೇ ಜಾಸ್ತಿಯಾಗಿದ್ದರಲ್ಲ, ಅದಕ್ಕೂ ಪರಿಹಾರ ಸಿಕ್ಕಿತು. 2023ರಿಂದ ಲ್ಯಾಪ್‌ಟಾಪುಗಳಲ್ಲಿ ಪೆಂಟಿಯಂ, ಸೆಲೆರಾನ್ ಎರಡನ್ನೂ ಕೈಬಿಟ್ಟು ಬರೀ 'ಇಂಟೆಲ್ ಪ್ರೊಸೆಸರ್' ಎಂದು ಕರೆದರು. ಪಾವಗಡದಿಂದ ಬಂದ ಗಣಿತದ ಮೇಷ್ಟ್ರೊಬ್ಬರು ಅಗ್ಗದ ಲ್ಯಾಪ್‌ಟಾಪ್ ಒಂದನ್ನು ಎತ್ತಿ ನೋಡಿದರು.

'ಇದರಲ್ಲಿ ಯಾವ ಪ್ರೊಸೆಸರ್ ಇದೆಯಪ್ಪ?'

'ಇಂಟೆಲ್ ಪ್ರೊಸೆಸರ್ ಸಾರ್.'

'ಇಂಟೆಲ್ ಅಂತ ಗೊತ್ತಾಯ್ತು. ಯಾವ ಪ್ರೊಸೆಸರ್?'

'ಅದೇ ಸಾರ್, ಇಂಟೆಲ್ ಪ್ರೊಸೆಸರ್ರೇ. ಎನ್100.'

'ಆ ಪಕ್ಕದ ದುಬಾರಿದು?'

'ಅದು ಐ7 ಸಾರ್.'

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಹುಡುಗನನ್ನು ಕನಿಕರದಿಂದ ನೋಡಿದರು. 'ಏಳಕ್ಕಿಂತ ನೂರು ದೊಡ್ಡದು ಕಣೋ. ನಿಮ್ಮ ಓನರ್ ಬರೋದರೊಳಗೆ ಇದನ್ನೇ ಬೇಗ ಬಿಲ್ ಮಾಡು.'