ಬಿಟ್ಟೆ ಅಂದರೆ ದಯವಿಟ್ಟು

ಜಾಹೀರಾತು ಚಿಕ್ಕದಾಗಿಯೇ ಇತ್ತು. ಎಕ್ಸೆಲ್ ಗೊತ್ತಿರಬೇಕು, ಒತ್ತಡ ತಡೆದುಕೊಳ್ಳಬೇಕು, ತಕ್ಷಣ ಸೇರಬೇಕು. ಕೊನೆಯಲ್ಲಿ, ಆಮೇಲೆ ನೆನಪಾದವರ ಹಾಗೆ, ಇನ್ನೊಂದು ಸಾಲು: 'ಜರ್ಮನ್ ಭಾಷೆ, ಮಾತೃಭಾಷೆಯವರಷ್ಟೇ ಚೆನ್ನಾಗಿ.'

ಮಾತೃಭಾಷೆ ಬರುವುದು ತಾಯಿಯಿಂದ. ನಮ್ಮಮ್ಮನಿಗೆ ಜರ್ಮನ್ ಬರುವುದಿಲ್ಲ. ಅಂದಮೇಲೆ ಆ ಕೆಲಸಕ್ಕೆ ನಾನು ಇನ್ನೊಮ್ಮೆ ಹುಟ್ಟಿಬರಬೇಕು, ಅದೂ 'ತಕ್ಷಣ'. ಆದರೂ ಅರ್ಜಿ ಹಾಕಿದೆ. ನನ್ನ ಹತ್ತಿರ ಬಿ2 ಸರ್ಟಿಫಿಕೇಟ್ ಇತ್ತು.

ಈ ಬಿ2 ಏನು ಅಂತ ಕೇಳುವವರಿಗೆ ಹೇಳಿಬಿಡುತ್ತೇನೆ. ಕೌನ್ಸಿಲ್ ಆಫ್ ಯುರೋಪ್ 2001ರಲ್ಲಿ ಭಾಷಾ ಕಲಿಕೆಗೆ ಒಂದು ಏಣಿ ಹಾಕಿಕೊಟ್ಟಿತು. ಎ1ರಿಂದ ಸಿ2ವರೆಗೆ 6 ಮೆಟ್ಟಿಲು, ಬಿ2 ಅದರಲ್ಲಿ ನಾಲ್ಕನೆಯದು. ಎ1 ಅಂದರೆ ನಿಮ್ಮ ಹೆಸರೇನು, ನನ್ನ ಹೆಸರು ಇಂಥದ್ದು. ಸಿ2 ಅಂದರೆ ಓದಿದ್ದು ಕೇಳಿದ್ದು ಹೆಚ್ಚುಕಮ್ಮಿ ಎಲ್ಲವೂ ಸಲೀಸಾಗಿ ಅರ್ಥವಾಗುತ್ತದೆ. ತಮಾಷೆ ಏನೆಂದರೆ, ಸಿ2 ಮುಟ್ಟಿದವರು ಮಾತೃಭಾಷೆಯವರ ಸಮ ಅಂತ ತಿಳಿಯಬೇಡಿ ಎಂದು ಏಣಿ ಮಾಡಿದವರೇ ಬರೆದಿಟ್ಟಿದ್ದಾರೆ. ನಮ್ಮ ಕಂಪನಿ ಕೇಳಿದ್ದು ಏಣಿ ಮುಗಿದ ಮೇಲಿನ ಮೆಟ್ಟಿಲನ್ನು!

ಅಂತರರಾಷ್ಟ್ರೀಯ ವಿಮಾನ ಹಾರಿಸುವ ಪೈಲಟ್‌ಗಳಿಗೂ ಹೀಗೊಂದು ಭಾಷೆಯ ಅಳತೆಗೋಲಿದೆ. ಅದರಲ್ಲೂ 6 ಹಂತ. ಅವರಿಗೆ 4ನೇ ಹಂತ ಬಂದರೆ ಸಾಕು. ನೂರಾರು ಜನರನ್ನು ಹೊತ್ತು ಮೋಡದೊಳಗಿಂದ ಇಳಿಯುವವನಿಗೆ 4. ಎಕ್ಸೆಲ್ ಶೀಟ್‌ನಲ್ಲಿ ಹಳದಿ ಬಣ್ಣ ತುಂಬುವವನಿಗೆ ತಾಯಿಯ ಹಾಲಿನ ಜೊತೆ ಬಂದಿರಬೇಕು.

ಅರ್ಜಿ ಹಾಕುವವರೇನು ಕಡಿಮೆಯಿಲ್ಲ ಬಿಡಿ. ರೆಸ್ಯೂಮೆಗಳಲ್ಲಿ ಭಾಷೆಯ ಮುಂದೆ ನೀಲಿ ಪಟ್ಟಿ ಎಳೆದಿರುತ್ತಾರೆ, ಮೊಬೈಲ್ ಚಾರ್ಜ್ ತೋರಿಸಿದ ಹಾಗೆ. ಜರ್ಮನ್ 70 ಶೇಕಡಾ. ಯಾವ 70? ಆ ಭಾಷೆಯಲ್ಲಿ ಉಪವಾಕ್ಯ ಬಂದರೆ ಕ್ರಿಯಾಪದ ಕೊನೆಗೆ ಹೋಗಿ ಕೂರುತ್ತದೆ. 70ಕ್ಕೇ ನಿಂತವನಿಗೆ ಯಾರು ಎಲ್ಲಿ ಯಾವಾಗ ಯಾಕೆ ಎಲ್ಲ ಗೊತ್ತಾಗಿರುತ್ತದೆ, ಏನು ಮಾಡಿದರು ಅನ್ನೋದು ಮಾತ್ರ ಗೊತ್ತಾಗಿರುವುದಿಲ್ಲ.

ಸಂದರ್ಶನಕ್ಕೆ ಕರೆದರು. ಎದುರಿಗೆ ಮೂವರು. ಅವರಲ್ಲಿ ಯಾರಿಗೂ ಜರ್ಮನ್ ಬರುತ್ತಿರಲಿಲ್ಲ. "ಏನಾದರೂ ಜರ್ಮನ್‌ನಲ್ಲಿ ಹೇಳಿ ನೋಡೋಣ" ಅಂದರು, ಮಗುವಿಗೆ ಪದ್ಯ ಹೇಳು ಅಂದ ಹಾಗೆ. ನಾನು ತಡಬಡಾಯಿಸಿ ಹಳೆಯ ಪಾಠವೊಂದನ್ನು ಒಪ್ಪಿಸಿದೆ. ರೈಲು ಎಷ್ಟು ಹೊತ್ತಿಗೆ ಹೊರಡುತ್ತದೆ? ಐದನೇ ಪ್ಲಾಟ್‌ಫಾರ್ಮ್ ಎಲ್ಲಿದೆ? ನನ್ನ ಕೊಡೆ ಕಳೆದುಹೋಗಿದೆ. ಮೂವರೂ ಗಂಭೀರವಾಗಿ ತಲೆದೂಗಿದರು. ಒಬ್ಬರು ಏನೋ ಗುರುತು ಹಾಕಿಕೊಂಡರು. ಕೊಡೆಯ ವಿಷಯಕ್ಕೆ ಯಾರೂ ಮರುಗಲಿಲ್ಲ.

ಕೊನೆಗೆ "ಡಾಂಕೆ" ಅಂದೆ. ಮಧ್ಯದಲ್ಲಿ ಕೂತಿದ್ದವರ ಮುಖ ಅರಳಿತು. "ಬಿಟ್ಟೆ!" ಅಂದರು. ನನಗೆ ಎದೆ ಧಸಕ್ಕೆಂದಿತು. ಇಷ್ಟು ಬೇಗ ಬಿಟ್ಟರಾ? ಆಮೇಲೆ ನೆನಪಾಯಿತು, ಜರ್ಮನ್‌ನಲ್ಲಿ ಬಿಟ್ಟೆ ಅಂದರೆ ದಯವಿಟ್ಟು. ಯಾರಾದರೂ ಥ್ಯಾಂಕ್ಸ್ ಹೇಳಿದರೆ 'ಪರವಾಗಿಲ್ಲ' ಅನ್ನೋಕೂ ಅದೇ ಪದ. "ನನಗೂ ಸ್ವಲ್ಪ ಬರುತ್ತೆ" ಅಂದರು ಅವರು. ಆ ಒಂದು ಪದವೇ ಆ ಸ್ವಲ್ಪ. ಅವರೇ ನನ್ನ ಮ್ಯಾನೇಜರ್ ಆದರು.

ಸೇರಿದ ಮೇಲೆ ಗೊತ್ತಾಯಿತು, ಕೆಲಸವೆಲ್ಲ ಇಂಗ್ಲಿಷ್‌ನಲ್ಲಿ. ಜರ್ಮನ್ ಗ್ರಾಹಕರ ಜೊತೆ ವಿಡಿಯೊ ಕಾಲ್ ಇದ್ದ ದಿನ ನನ್ನನ್ನು ಮುಂದೆ ಕೂರಿಸಿದರು. ನಾನು "ಗುಟೆನ್ ಟಾಗ್" ಅಂದೆ. ಆ ಕಡೆಯವರು ಒಳ್ಳೆಯ ಇಂಗ್ಲಿಷ್‌ನಲ್ಲಿ, ನಿಮ್ಮ ದನಿ ಸರಿಯಾಗಿ ಕೇಳಿಸುತ್ತಿಲ್ಲ ಅಂದರು. ಅಲ್ಲಿಗೆ ಮುಗಿಯಿತು.

ಪಕ್ಕದ ಟೀಮಿನ ಹುಡುಗಿಯ ಕಥೆ ಇನ್ನೂ ಚೆಂದ. ಅವಳದು ಜಪಾನೀಸ್, ಜೆಎಲ್‌ಪಿಟಿ ಅನ್ನುವ ಜಪಾನೀಸ್ ಭಾಷಾ ಪರೀಕ್ಷೆಯಲ್ಲಿ ಎನ್2, ಅಂದರೆ ಮೇಲಿನಿಂದ ಎರಡನೇ ಹಂತ. ಕಷ್ಟದ ಪರೀಕ್ಷೆ ಅದು, ರಾತ್ರಿಯೆಲ್ಲ ಕಾಂಜಿ ಅನ್ನುವ ಜಪಾನೀ ಅಕ್ಷರ ತಿದ್ದಿ ಪಾಸಾಗಿದ್ದಳು. ಆದರೆ ಆ ಪರೀಕ್ಷೆಯಲ್ಲಿ ಮಾತಾಡಿಸುವುದೇ ಇಲ್ಲ. ಓದಬೇಕು, ಕೇಳಿಸಿಕೊಳ್ಳಬೇಕು, ಕೊಟ್ಟ ಆಯ್ಕೆಗಳಲ್ಲಿ ಸರಿಯಾದದ್ದನ್ನು ಗುರುತಿಸಬೇಕು. ಇದು ಯಾರಿಗೆ ಗೊತ್ತು? ಅವಳನ್ನು ನೇರ ಫೋನಿಗೆ ಕೂರಿಸಿದರು. ಆ ಕಡೆಯಿಂದ ಮಾತು ಸುರಿಯಿತು. ಇವಳು ಕೈಯಿಂದ ಫೋನ್ ಮುಚ್ಚಿ, "ಸರ್, ನಾಲ್ಕು ಆಯ್ಕೆ ಕೊಟ್ಟರೆ ಉತ್ತರ ಹೇಳ್ತೀನಿ" ಅಂದಳು.

ಅಮೆರಿಕದ ವಿದೇಶಾಂಗ ಇಲಾಖೆ ತನ್ನ ಅಧಿಕಾರಿಗಳಿಗೆ ಜಪಾನೀಸ್ ಕಲಿಸಲು 88 ವಾರ, ಸುಮಾರು 2200 ಗಂಟೆಯ ತರಗತಿ ಬೇಕು ಅನ್ನುತ್ತದೆ. ನಮ್ಮ ಮ್ಯಾನೇಜರ್ ಅವಳಿಗೆ ಹೇಳಿದ್ದು: "ಶನಿವಾರ ಭಾನುವಾರ ಕೂತು ಮಾತಾಡೋದೂ ಕಲಿತುಬಿಡಮ್ಮಾ, ಬಿಟ್ಟೆ."

ಇಷ್ಟಾದರೂ ನನ್ನ ಜರ್ಮನ್ ವ್ಯರ್ಥವಾಗಲಿಲ್ಲ. ಆಫೀಸಿನ ಕಾಫಿ ಯಂತ್ರ ಒಂದು ಬೆಳಿಗ್ಗೆ ಕೆಂಪು ದೀಪ ಹತ್ತಿಸಿಕೊಂಡು ನಿಂತುಬಿಟ್ಟಿತು. ಪರದೆಯ ಮೇಲೆ 'ಬಿಟ್ಟೆ ಎಂಟ್‌ಕಾಲ್ಕೆನ್' ಅಂತ ಇತ್ತು. ಮೊದಲ ಪದವನ್ನು ಮ್ಯಾನೇಜರ್ ಎಲ್ಲರಿಗೂ ವಿವರಿಸಿದರು. ಎರಡನೆಯದಕ್ಕೆ ನನಗೆ ಬುಲಾವ್ ಬಂತು. "ಒಳಗೆ ಸುಣ್ಣದ ಪದರ ಕಟ್ಟಿದೆ, ತೆಗೀಬೇಕಂತೆ" ಅಂದೆ. ಚಪ್ಪಾಳೆ ಬಿತ್ತು. ಮೂರು ವರ್ಷದ ಕಲಿಕೆ, ಬಿ2 ಸರ್ಟಿಫಿಕೇಟ್, ಎಲ್ಲ ಸಾರ್ಥಕವಾಯಿತು ಅನ್ನಿಸಿತು. ಆದರೆ ಕೈಪಿಡಿಯೂ ಜರ್ಮನ್‌ನಲ್ಲೇ ಇದ್ದದ್ದರಿಂದ ತೊಳೆಯುವ ಕೆಲಸವೂ ನನಗೇ ಬಂತು. ಅವತ್ತಿನಿಂದ ತಿಂಗಳಿಗೊಮ್ಮೆ. ಕೈಪಿಡಿಯ ಹಿಂದಿನ ಪುಟಗಳಲ್ಲಿ ಇಂಗ್ಲಿಷ್ ಕೂಡ ಇತ್ತು. ನಾನು ಯಾರಿಗೂ ಹೇಳಲಿಲ್ಲ. ಹೊಟ್ಟೆಪಾಡಿನ ಪ್ರಶ್ನೆ, ಅಲ್ವಾ?

ಸಂಬಳ ಹೆಚ್ಚಿಸುವ ಕಾಲ ಬಂತು. ನಾನು ಸ್ವಲ್ಪ ಕೆಮ್ಮಿ, ಜರ್ಮನ್ ಬಲ್ಲವನು ಅಂತ ನೆನಪಿಸಿದೆ. "ಅದಕ್ಯಾಕೆ ಜಾಸ್ತಿ ಕೊಡೋದು? ಅನುವಾದ ಈಗ ಕಂಪ್ಯೂಟರೇ ಮಾಡುತ್ತಲ್ಲ" ಅಂದರು ಮ್ಯಾನೇಜರ್. ಸೇರಿಸಿಕೊಳ್ಳುವಾಗ ಬೆಟ್ಟದಷ್ಟಿದ್ದ ಭಾಷೆ ಸಂಬಳದ ಹೊತ್ತಿಗೆ ಸಾಸಿವೆ ಕಾಳಾಗಿತ್ತು. ಅದೇ ವಾರ ನನ್ನ ಪಕ್ಕದ ಕುರ್ಚಿಗೆ ಹೊಸ ಜಾಹೀರಾತು ಹೊರಬಿತ್ತು. ಜರ್ಮನ್ ಕಡ್ಡಾಯ. ಫ್ರೆಂಚ್ ಬಂದರೆ ಒಳ್ಳೆಯದು.

ಮರುದಿನ ಅವರ ಕ್ಯಾಬಿನ್‌ಗೆ ಹೋಗಿ, ಐಡಿ ಕಾರ್ಡ್ ಮೇಜಿನ ಮೇಲಿಟ್ಟು, "ಸರ್, ಬಿಟ್ಟೆ" ಅಂದೆ.

ಅವರ ಮುಖ ಅರಳಿತು. "ನಮ್ಮಲ್ಲಿ ಇಷ್ಟೊಂದು ವಿನಯ ಯಾಕಪ್ಪಾ? ಕೂತ್ಕೋ. ಏನು ಬೇಕು ಹೇಳು."