ಫ್ಯಾನಿಗೆ ಎಣ್ಣೆ ಬಿಡುವವರ ಗಮನಕ್ಕೆ

ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಈಗಷ್ಟೇ ಯಾರೋ ಕೇಳಿದರು: "ರಾತ್ರಿ ಫ್ಯಾನು ಟಕ್ ಟಕ್ ಅನ್ನುತ್ತೆ, ನಿದ್ದೆನೇ ಬರ್ತಿಲ್ಲ, ಏನ್ ಮಾಡ್ಲಿ?" ತಗೊಳ್ಳಿ, ಉತ್ತರಗಳ ಸುರಿಮಳೆ. ಕೊಬ್ಬರಿ ಎಣ್ಣೆ ಬಿಡಿ. ಹೊಲಿಗೆ ಮಷೀನಿನ ಎಣ್ಣೆ ಬಿಡಿ. ಒಬ್ಬರಂತೂ ಮಲಗೋ ಮುಂಚೆ ನಿಮ್ಮ ಕಿವಿಗೇ ಎರಡು ಹನಿ ಬಿಟ್ಟುಕೊಳ್ಳಿ ಅಂದರು, ತಮಾಷೆಗೋ ನಿಜಕ್ಕೋ ತಿಳಿಯಲಿಲ್ಲ. ಸದ್ದು ಎಲ್ಲಿಂದ ಬರುತ್ತೆ, ಯಾವಾಗ ಬರುತ್ತೆ ಅಂತ ಒಬ್ಬರಾದರೂ ಕೇಳಬೇಕಲ್ಲ? ಊಹೂಂ.

ಎಣ್ಣೆ ಮೇಲೆ ನನಗೆ ದ್ವೇಷವೇನಿಲ್ಲ, ಚಟ್ನಿಪುಡಿಗೆ ಧಾರಾಳವಾಗಿಯೇ ಸುರಿದುಕೊಳ್ಳುತ್ತೇನೆ. ಆದರೆ ಈಗಿನ ಸೀಲಿಂಗ್ ಫ್ಯಾನಿನ ಒಳಗಿರುವುದು ಎರಡು ಬಾಲ್ ಬೇರಿಂಗು, ಅಂದರೆ ಮೋಟಾರು ಸಲೀಸಾಗಿ ತಿರುಗಲೆಂದು ಒಳಗೆ ಉಕ್ಕಿನ ಗುಂಡುಗಳಿರುವ ಉಂಗುರ. 6202 ನಂಬರಿನದು ತೀರಾ ಸಾಮಾನ್ಯ, ಅಂಚಿನ ಮೇಲೇ ಕೊರೆದಿರುತ್ತಾರೆ. ಗ್ರೀಸ್ ತುಂಬಿ ಎರಡೂ ಬದಿಗೆ ತಗಡಿನ ಮುಚ್ಚಳ ಹಾಕಿ ಬಂದಿರುತ್ತದೆ. ಹೊರಗಿನಿಂದ ಬಿಟ್ಟ ಎಣ್ಣೆ ಅದರೊಳಗೆ ನೆಟ್ಟಗೆ ಹೋಗುವುದಿಲ್ಲ. ಹೋದಷ್ಟು ಎಣ್ಣೆ ಗ್ರೀಸನ್ನು ತೆಳ್ಳಗೆ ಮಾಡಿ ಹೊರಗೆ ಹರಿಸುತ್ತದೆ, ಮಿಕ್ಕಿದ್ದು ಮೋಟಾರಿನ ತಂತಿಸುತ್ತಿನ (ವೈಂಡಿಂಗ್) ಮೇಲಿಳಿದು ದೂಳು ಹಿಡಿಯುತ್ತದೆ. ಕೊಬ್ಬರಿ ಎಣ್ಣೆಯೋ, 24 ಡಿಗ್ರಿಯ ಆಸುಪಾಸಿನಲ್ಲೇ ಹೆಪ್ಪುಗಟ್ಟುವ ಪದಾರ್ಥ. ಡಿಸೆಂಬರಿನ ಬೆಂಗಳೂರಲ್ಲಿ ಬಾಟಲಿಯನ್ನು ಬಿಸಿಲಿಗಿಟ್ಟು ಕರಗಿಸುವವರೇ ಅದನ್ನು ಯಂತ್ರಕ್ಕೆ ಬಿಡಿ ಅನ್ನುತ್ತಾರೆ!

ಮೊದಲು ಮಾಡಬೇಕಾದ್ದಕ್ಕೆ ಖರ್ಚೇ ಇಲ್ಲ. ಫ್ಯಾನ್ ತಿರುಗುತ್ತಿರುವಾಗಲೇ ಸ್ವಿಚ್ ಆರಿಸಿ, ಅದು ತಾನಾಗಿ ನಿಲ್ಲುವವರೆಗೂ ಕಿವಿಗೊಟ್ಟು ಕೇಳಿ. ಸ್ವಿಚ್ ಆರಿಸಿದ ಕ್ಷಣವೇ ಸದ್ದು ನಿಂತಿತೆಂದರೆ ತೊಂದರೆ ಕರೆಂಟಿನ ಕಡೆಯದು. ರೆಕ್ಕೆ ನಿಧಾನವಾದ ಹಾಗೆ ಸದ್ದೂ ನಿಧಾನವಾದರೆ ತಿರುಗುವ ಭಾಗದ್ದು.

ಕರೆಂಟಿನ ಕಡೆಯ ಗುಂಯ್‌ಗುಡುವಿಕೆಗೆ ಹೆಚ್ಚಾಗಿ ರೆಗ್ಯುಲೇಟರೇ ಕಾರಣ. ನಯವಾಗಿ ತಿರುಗುವ ಡಿಮ್ಮರ್ ಥರದ್ದು ಕರೆಂಟಿನ ಅಲೆಯನ್ನು ಸೆಕೆಂಡಿಗೆ 100 ಸಲ ಕತ್ತರಿಸಿ ವೇಗ ಇಳಿಸುತ್ತದೆ. ಹಾಗಾಗಿ ಕಡಿಮೆ ಸ್ಪೀಡಿನಲ್ಲಿ, ಅಂದರೆ ಮಲಗುವ ಹೊತ್ತಿನಲ್ಲೇ, ಮೋಟಾರು ಗುಂಯ್ ಅನ್ನುತ್ತದೆ. ಪೂರ್ತಿ ಸ್ಪೀಡಿಗಿಟ್ಟರೆ ಸುಮ್ಮನಾಗುತ್ತದೆ. ಒಳಗೆ ಕೆಪಾಸಿಟರ್ ಇರುವ, ಟಕ್ಕೆಂದು ಒಂದೊಂದೇ ಮೆಟ್ಟಿಲು ತಿರುಗುವ ರೆಗ್ಯುಲೇಟರ್ ಹಾಕಿಸಿ. ಸದ್ದು ಕರೆಂಟ್ ಹೋದಾಗ ಮಾತ್ರ ಬರುತ್ತದೆಯೇ? ಹಾಗಾದರೆ ಫ್ಯಾನನ್ನು ಬಯ್ಯಬೇಡಿ, ನಿಮ್ಮ ಇನ್ವರ್ಟರ್ ಸ್ಕ್ವೇರ್ ವೇವ್‌ನದು, ಅಂದರೆ ಅದು ಕೊಡುವ ಕರೆಂಟಿನ ಅಲೆ ನಯವಾಗಿರದೆ ಚೌಕ ಚೌಕವಾಗಿರುತ್ತದೆ. ವೇಗ ಹೊಂದಿಸುವ ಎಲೆಕ್ಟ್ರಾನಿಕ್ಸ್ ತನ್ನೊಳಗೇ ಇರುವ ಬಿಎಲ್‌ಡಿಸಿ ಫ್ಯಾನ್ ತಂದು ಹಳೆ ರೆಗ್ಯುಲೇಟರನ್ನು ಹಾಗೇ ಬಿಟ್ಟವರೂ ಇದ್ದಾರೆ. ಅದನ್ನು ತೆಗೆಸಿ ನೇರ ಲೈನ್ ಕೊಡಿಸಿ.

ಇನ್ನು ಸುತ್ತಿಗೊಂದು ಟಕ್. ಹತ್ತುವ ಮುಂಚೆ ಮೇನ್ ಬೋರ್ಡಿನಲ್ಲಿ ಆ ಲೈನಿನ ಎಂಸಿಬಿ (ಕರೆಂಟ್ ಕಡಿಯುವ ಸ್ವಿಚ್) ಇಳಿಸಿ, ಬರೀ ಸ್ವಿಚ್ ಆರಿಸಿದರೆ ಸಾಲದು. ಸ್ಟೂಲು ಹಿಡಿಯಲು ಒಬ್ಬರಿರಲಿ. ಮೊದಲು ನೋಡಬೇಕಾದ್ದು ರಾಡಿನ ಕೆಳಗಿರುವ ಪ್ಲಾಸ್ಟಿಕ್ ಕಪ್ಪು. ಅದರ ಸ್ಕ್ರೂ ಸಡಿಲವಾಗಿ, ಕಪ್ಪು ಜಾರಿ ತಿರುಗುವ ಮೋಟಾರಿನ ಮೇಲೆ ಕೂತಿರುತ್ತದೆ. ಮೂರ್ನಾಲ್ಕು ಮಿಲಿಮೀಟರ್ ಮೇಲೆತ್ತಿ ಬಿಗಿ ಮಾಡಿದರೆ ಎಷ್ಟೋ ಮನೆಗಳ ಟಕ್ ಟಕ್ ಅಲ್ಲಿಗೇ ಮುಗಿಯುತ್ತದೆ. ಆಮೇಲೆ ರೆಕ್ಕೆಯ ಸ್ಕ್ರೂಗಳು, ಒಂದೊಂದನ್ನೂ ತಿರುಗಿಸಿ ನೋಡಿ. ಆಮೇಲೆ ಮೇಲಿನ ಕಪ್ಪು ಇಳಿಸಿ ಕೊಕ್ಕೆ ನೋಡಿ. ಕೊಕ್ಕೆಗೂ ಬೋಲ್ಟಿಗೂ ನಡುವೆ ರಬ್ಬರ್ ಬುಷ್ ಇರಬೇಕು. ಅದು ಸವೆದು ಸೀಳಿದ್ದರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತದೆ. ಬದಲಿಸುವುದು ಎಲೆಕ್ಟ್ರಿಷಿಯನ್ ಕೆಲಸ, ಯಾಕೆಂದರೆ ಫ್ಯಾನ್ ಇಳಿಸಬೇಕು. ಮತ್ತೆ ಏರಿಸಿದಾಗ ಬೋಲ್ಟಿನ ತುದಿಗೆ ಸ್ಪ್ಲಿಟ್ ಪಿನ್ ಹಾಕಿ ಅದರ ಎರಡೂ ಕಾಲನ್ನು ಅಗಲಿಸಿದ್ದಾರಾ ಅಂತ ಕಣ್ಣಾರೆ ನೋಡಿಕೊಳ್ಳಿ. ಮಲಗುವುದು ಅದರ ಕೆಳಗೇ ತಾನೆ.

ಫ್ಯಾನ್ ಓಲಾಡುತ್ತಿದ್ದರೆ ಒಂದು ಕೋಲು ತಗೊಂಡು ಸೀಲಿಂಗಿನಿಂದ ಒಂದು ರೆಕ್ಕೆಯ ತುದಿಗೆ ಅಳೆದು ಗುರುತು ಹಾಕಿ. ಕೋಲನ್ನು ಕದಲಿಸದೆ, ಉಳಿದ ರೆಕ್ಕೆಗಳನ್ನು ಕೈಯಲ್ಲಿ ತಿರುಗಿಸಿ ಅದೇ ಜಾಗಕ್ಕೆ ತಂದು ಹೋಲಿಸಿ. ಅರ್ಧ ಸೆಂಟಿಮೀಟರ್ ವ್ಯತ್ಯಾಸ ಕಂಡರೆ ಒಂದು ಬಗ್ಗಿದೆ ಅಂತ ಲೆಕ್ಕ. ಒಂದೇ ರೆಕ್ಕೆ ಕೊಳ್ಳಬೇಡಿ, ತೂಕ ಹೊಂದಿಸಿದ ಸೆಟ್ಟೇ ಬರುತ್ತದೆ. ಇಷ್ಟಾದ ಮೇಲೂ ಜಲ್ಲಿ ಅರೆದ ಹಾಗೆ ಗರಗರ ಉಳಿದಿದ್ದರೆ ಮಾತ್ರ ಅದು ಬೇರಿಂಗಿನ ದೋಷ. ಅದಕ್ಕೂ ಔಷಧಿ ಎಣ್ಣೆಯಲ್ಲ, ಎರಡೂ ಬೇರಿಂಗ್ ಬದಲಿಸುವುದು.

ಈ ಎಣ್ಣೆ ಪಂಡಿತರು ಬಚ್ಚಲುಮನೆಯನ್ನೂ ಬಿಡುವುದಿಲ್ಲ. ಮಧ್ಯರಾತ್ರಿ ಯಾರೂ ಮುಟ್ಟದೆ ಫ್ಲಶ್ ಟ್ಯಾಂಕ್ ಸುಯ್ಯೆಂದು ತುಂಬಿಕೊಳ್ಳುತ್ತದೆಯೇ? ಬಟ್ಟೆಗೆ ಹಾಕುವ ನೀಲಿಯನ್ನು ನಾಲ್ಕು ಹನಿ ಟ್ಯಾಂಕಿನೊಳಗೆ ಹಾಕಿ ಅರ್ಧ ಗಂಟೆ ಫ್ಲಶ್ ಮಾಡದೆ ಬಿಡಿ. ಕಮೋಡಿಗೆ ನೀಲಿ ಇಳಿದರೆ ತಳದ ರಬ್ಬರ್ ವಾಷರ್ ಸೋರುತ್ತಿದೆ. ಬೋರ್‌ವೆಲ್ ನೀರಿನ ಮನೆಗಳಲ್ಲಿ ವಾಷರ್ ಕೂರುವ ಅಂಚಿಗೆ ಬಿಳೀ ಉಪ್ಪು ಕಟ್ಟಿರುತ್ತದೆ. ವಿನೆಗರಿನಲ್ಲಿ ನೆನೆಸಿದ ಬಟ್ಟೆಯಿಂದ ಉಜ್ಜಿ, ಆಮೇಲೂ ಸೋರಿದರೆ ವಾಷರ್ ಬದಲಿಸಿ. ಎಣ್ಣೆ ಸವರಿದರೆ ರಬ್ಬರ್ ಊದಿಕೊಂಡು ಇನ್ನೂ ಸೋರುತ್ತದೆ, ಅಷ್ಟೇ.

ಗೀಸರ್ ಹಾಕಿದಾಗ ಗೋಡೆಯೊಳಗೆ ಟಿಕ್ ಟಿಕ್ ಅನ್ನುವುದು ಬಿಸಿನೀರಿನ ಸಿಪಿವಿಸಿ ಪ್ಲಾಸ್ಟಿಕ್ ಪೈಪು. 3 ಮೀಟರ್ ಪೈಪು 30 ಡಿಗ್ರಿ ಬಿಸಿಯೇರಿದರೆ ಐದಾರು ಮಿಲಿಮೀಟರ್ ಉದ್ದವಾಗುತ್ತದೆ, ಬಿಗಿ ಕ್ಲಾಂಪಿನಲ್ಲಿ ಉಜ್ಜಿಕೊಂಡು ಸದ್ದು ಮಾಡುತ್ತದೆ. ಹೊರಗೆ ಕಾಣುವ ಕಡೆ ಪೈಪು ಜಾರುವಷ್ಟು ಕ್ಲಾಂಪನ್ನು ಸಡಿಲಿಸಿ. ದಯವಿಟ್ಟು ಇಲ್ಲಂತೂ ಅಡುಗೆ ಎಣ್ಣೆ ಸವರಬೇಡಿ. ಸಸ್ಯಜನ್ಯ ಎಣ್ಣೆ ತಗುಲಿದರೆ ಸಿಪಿವಿಸಿ ಬಿರುಕು ಬಿಡಬಹುದು. ಆಗ ನಿದ್ದೆ ಕೆಡಿಸುವುದು ಟಿಕ್ ಟಿಕ್ ಅಲ್ಲ, ಕೆಳಗಿನ ಮನೆಯವರು.

"ಹಾಗಾದ್ರೆ ಬಾಗಿಲಿನ ಕಿರ್ ಸದ್ದು ಎಣ್ಣೆಯಿಂದ ಹೋಗಲ್ವಾ?" ಅಂತ ಕೇಳುತ್ತೀರಿ, ಗೊತ್ತು. ಹೋಗುತ್ತೆ ಸ್ವಾಮಿ, ಸ್ವಲ್ಪ ದಿನ. ಆಮೇಲೆ ಎಣ್ಣೆ ದೂಳು ಕುಡಿದು ಅಂಟಾಗಿ ಮತ್ತೆ ಕಿರ್ ಅನ್ನುತ್ತೆ. ಹಿಂಜಿನ ಪಿನ್ನನ್ನು ಒಂದು ಸಲಕ್ಕೆ ಒಂದರಂತೆ ಹೊರತೆಗೆದು, ಉಪ್ಪುಕಾಗದದಲ್ಲಿ ತುಕ್ಕು ಉಜ್ಜಿ, ಬಟ್ಟೆಯಲ್ಲಿ ಒರೆಸಿ, ತೆಳ್ಳಗೆ ಗ್ರೀಸ್ ಸವರಿ ಹಾಕಿ. ಮೂರನ್ನೂ ಒಟ್ಟಿಗೇ ತೆಗೆದರೆ ಬಾಗಿಲು ನಿಮ್ಮ ಮೈಮೇಲೆ.

ಫ್ಯಾನಿನ ಬಗ್ಗೆ ಕಾಮೆಂಟಿನಲ್ಲಿ ಕೇಳುವವರು ಬರೀ "ಸದ್ದು ಬರ್ತಿದೆ" ಅಂತ ಬರೆಯಬೇಡಿ. ಎಷ್ಟನೇ ಸ್ಪೀಡಿನಲ್ಲಿ, ಲೈನಿನಲ್ಲೋ ಇನ್ವರ್ಟರಿನಲ್ಲೋ, ಸ್ವಿಚ್ ಆರಿಸಿದ ಕೂಡಲೇ ನಿಲ್ಲುತ್ತದೋ ಇಲ್ಲವೋ, ಇಷ್ಟು ಬರೆಯಿರಿ.